ಆರ್ಡಿತ್‌ಳ ಕಾರು ಕಲಿತ ಬಾಗಿಲು

ಮಿಶಿಗನ್‌ನ ನಮ್ಮ ಮಾರ್ಸೆನ್ ಊರಿನಲ್ಲಿ ಅರವತ್ತು ದಾಟದವರೆಲ್ಲ ಒಂದು ಕಾಲದಲ್ಲಿ ಆರ್ಡಿತ್ ಝೈಲ್‌ಸ್ಟ್ರಾಳಿಗೆ ಹೆದರಿದವರೇ. ಶಾಲೆಯ ಹಳದಿ ಬಸ್ಸು ಓಡಿಸುತ್ತಿದ್ದವಳು ಆಕೆ. ಬಯ್ಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಗಲಾಟೆ ಶುರುವಾದರೆ ತಲೆಯ ಮೇಲಿನ ಅಗಲ ಕನ್ನಡಿಯಲ್ಲಿ ಒಂದು ಸಲ ನೋಡುತ್ತಿದ್ದಳು. ಅಷ್ಟಕ್ಕೇ ಬಸ್ಸು ಗಪ್‌ಚಿಪ್. ಈಗಿನ ಮೇಯರು, ಬ್ಯಾಂಕಿನ ಮ್ಯಾನೇಜರು, ಇಬ್ಬರು ಪಾದ್ರಿಗಳು, ಎಲ್ಲರೂ ಆ ಕನ್ನಡಿಯ ಕೆಳಗೆ ಬಾಯಿ ಮುಚ್ಚಿಕೊಂಡು ಕೂತು ದೊಡ್ಡವರಾದವರು. ಇವತ್ತಿಗೂ ಅಂಗಡಿಯಲ್ಲಿ ಆಕೆ ಎದುರಾದರೆ ತಮಗೆ ಗೊತ್ತಿಲ್ಲದೆಯೇ ನೆಟ್ಟಗೆ ನಿಲ್ಲುತ್ತಾರೆ.

ಆಕೆ ಮದುವೆಯಾಗಲಿಲ್ಲ. ಹರೆಯದಲ್ಲಿ ಒಬ್ಬಿಬ್ಬರು ಬಂದು ಕೇಳಿದ್ದುಂಟು. ಒಬ್ಬ ತನ್ನ ಹಸುಗಳನ್ನು ಬಿಟ್ಟು ಬೇರೆ ಮಾತಾಡಲಿಲ್ಲ, ಇನ್ನೊಬ್ಬ ಮಾತೇ ಆಡಲಿಲ್ಲ. ಇಬ್ಬರನ್ನೂ ಕಾಫಿ ಕೊಟ್ಟು ಕಳಿಸಿದಳು. ಆಮೇಲೆ ಬಸ್ಸೇ ಸಂಸಾರ. ಕೆಲಸದಿಂದ ನಿವೃತ್ತಳಾದ ವಾರವೇ ಜೀವನದ ಮೊದಲ ಹೊಸ ಕಾರು ತಂದಳು. ಅಲ್ಲಿಯತನಕ ಓಡಿಸಿದ್ದೆಲ್ಲ ಭಾವ ಬಳಸಿ ಬಿಟ್ಟ ಕಾರುಗಳು, ಎಲ್ಲ ಒಣಗಿದ ಮಣ್ಣಿನ ಬಣ್ಣದವು. ಹೊಸದು ಮಾತ್ರ ಟೊಮೆಟೊ ಹಣ್ಣಿನಂಥ ಕೆಂಪು. ಬೂದು, ಬಿಳಿ, ಕಪ್ಪು ಬಿಟ್ಟರೆ ಬೇರೆ ಬಣ್ಣ ಇದೆಯೆಂದೇ ಗೊತ್ತಿಲ್ಲದ ನಮ್ಮೂರಿನಲ್ಲಿ ಆ ಕಾರು ಹೊರಟರೆ ಕಣ್ಣು ಮಂದವಾದ ಮುದುಕರಿಗೂ ಆರ್ಡಿತ್ ಎಲ್ಲಿಗೆ ಹೊರಟಳೆಂದು ತಿಳಿಯುತ್ತಿತ್ತು. ಕೊಳ್ಳುವಾಗ ಆಕೆಗೆ ಇದು ಹೊಳೆದಿರಲಿಲ್ಲ. ಬಚ್ಚಿಡುವಂಥದ್ದು ಆಕೆಯ ಬದುಕಿನಲ್ಲಿ ಆಗ ಏನೂ ಇರಲಿಲ್ಲ.

ಈಗ ಇತ್ತು. ಅದರ ಹೆಸರು ಹಾರ್ಲನ್ ಬೋರ್ಸ್ಮಾ.

ಹಾರ್ಲನ್ ಕುರ್ಚಿ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದು, ಅಲ್ಲಿಯ ಯಂತ್ರಗಳ ಗದ್ದಲಕ್ಕೆ ಅರ್ಧ ಕಿವಿ ಕೊಟ್ಟು ಬಂದವನು. ಹೆಂಡತಿ ಜಾಯ್ಸ್ ಹೋಗಿ ಎರಡು ವರ್ಷವಾಗಿತ್ತು. ಜಾಯ್ಸ್ ಮತ್ತು ಆರ್ಡಿತ್ ಚರ್ಚಿನ ಹಾಡಿನ ಗುಂಪಿನಲ್ಲಿ ಅಕ್ಕಪಕ್ಕ ನಿಲ್ಲುತ್ತಿದ್ದವರು. ಶವಸಂಸ್ಕಾರದ ಊಟದಲ್ಲಿ ಉಳಿದ ಹ್ಯಾಮ್ ಬನ್ನುಗಳನ್ನು ತನ್ನ ಪಾತ್ರೆಯಲ್ಲಿ ತುಂಬಿ ಅವನ ಮನೆಗೆ ಮುಟ್ಟಿಸುವ ಕೆಲಸ ಆರ್ಡಿತ್‌ಳ ಪಾಲಿಗೆ ಬಂತು. ಆ ಪಾತ್ರೆ ವಾಪಸ್ಸು ಕೊಡಲು ಹಾರ್ಲನ್ ಬಂದ. ಖಾಲಿ ಪಾತ್ರೆ ಕೊಡಬಾರದೆಂದು ಬಾದಾಮಿ ಹೂರಣದ ಡಚ್ ಸಿಹಿ ಬಾಂಕೆಟ್ ಹಾಕಿಕೊಂಡು ಬಂದ. ಆಮೇಲೆ ಆ ಪಾತ್ರೆ ಎರಡು ಮನೆಗಳ ನಡುವೆ ಎಷ್ಟು ಸಲ ಓಡಾಡಿತೋ ದೇವರೇ ಬಲ್ಲ. ಕೊನೆಗೆ ಪಾತ್ರೆಯ ನೆಪ ಬಿಟ್ಟು ಪ್ರತಿ ಗುರುವಾರ ಆರ್ಡಿತ್ ಕಾಫಿಗೆ ಹೋಗತೊಡಗಿದಳು. ರಾಜ ರಾಣಿಯರ ಚಿತ್ರವಿದ್ದರೆ ಪಾಪ ಎಂದು ನಮ್ಮ ಹಿರಿಯರು ಬೇರೆಯೇ ಒಂದು ಇಸ್ಪೀಟು ಇಟ್ಟುಕೊಂಡಿದ್ದಾರಲ್ಲ, ಬರೀ ಅಂಕಿಗಳದ್ದು, ಅದನ್ನು ಆಡುತ್ತಿದ್ದರು. ಹಾರ್ಲನ್ ಕಳ್ಳಾಟ ಆಡುತ್ತಿದ್ದ. ಆರ್ಡಿತ್‌ಗೆ ಗೊತ್ತಾಗುತ್ತಿತ್ತು, ಹೇಳುತ್ತಿರಲಿಲ್ಲ. ಬುಧವಾರ ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು, ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ತನ್ನನ್ನೇ ಬೈದುಕೊಂಡು, ದಿಂಬಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು.

ತೊಂದರೆ ಇದ್ದದ್ದು ರಸ್ತೆಯ ಆಚೆ ಬದಿಯಲ್ಲಿ. ಹಾರ್ಲನ್‌ನ ಎದುರು ಮನೆ ಲೊರೇನ್ ವ್ರೀಡವೋಗ್‌ಳದ್ದು. ಆರ್ಡಿತ್‌ಳ ಜೊತೆ ಶಾಲೆಗೆ ಹೋದವಳು, ಚರ್ಚಿನ ಹೆಂಗಸರ ಸಂಘಕ್ಕೆ ಅಧ್ಯಕ್ಷೆ, ಊರಿನ ಸುದ್ದಿಗೆ ಪ್ರಧಾನ ಅಂಚೆ ಕಚೇರಿ. ಗುರುವಾರ ಹಾರ್ಲನ್‌ನ ಮನೆ ಮುಂದೆ ಕೆಂಪು ಕಾರು ನಿಂತರೆ ಭಾನುವಾರ ಪ್ರಾರ್ಥನೆ ಮುಗಿದ ಮೇಲಿನ ಕಾಫಿಯಲ್ಲಿ ಅದು ಬಟ್ಟಲಿನಿಂದ ಬಟ್ಟಲಿಗೆ ಹೋಗುತ್ತಿತ್ತು.

"ಏನ್ ಆರ್ಡಿತ್, ಹಾರ್ಲನ್ ಮನೇಲಿ ನಲ್ಲಿ ಗಿಲ್ಲಿ ಕೆಟ್ಟಿತ್ತಾ? ತುಂಬ ಹೊತ್ತು ಹಿಡೀತಪ್ಪ ರಿಪೇರಿ," ಎಂದಳು ಲೊರೇನ್ ಒಂದು ಭಾನುವಾರ, ಸುತ್ತ ಹತ್ತು ಜನ ಇರುವಾಗ.

ಬಸ್ಸಿನ ತುಂಬ ಮಕ್ಕಳನ್ನು ಒಂದು ನೋಟಕ್ಕೆ ತಣ್ಣಗಾಗಿಸಿದವಳು ಕಿವಿಯವರೆಗೂ ಕೆಂಪಾಗಿ, ಕಾಫಿ ಅರ್ಧಕ್ಕೇ ಬಿಟ್ಟು ಮನೆಗೆ ಹೋದಳು. ಮುಂದಿನ ಗುರುವಾರ ಹಾರ್ಲನ್‌ಗೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು.

"ನೋಡು ಹಾರ್ಲನ್, ಇನ್ನೊಂದ್ಸಲ ನನ್ ಹೆಸರು ಆ ಕಾಫಿ ಟೇಬಲ್ ಮೇಲೆ ಬಂತೋ, ನಾನು ಈ ಮನೆಗೆ ಬರಲ್ಲ. ಜಾಯ್ಸ್ ನೆನಪಿಗಾದ್ರೂ ಮರ್ಯಾದೆ ಬೇಡ್ವಾ? ಇದು ತಮಾಷೆಗೆ ಹೇಳ್ತಿಲ್ಲ."

ಆಕೆ ಮಾತಾಡಿದರೆ ಮಾತು. ಹಾರ್ಲನ್‌ಗೆ ಅದು ಗೊತ್ತಿತ್ತು. ಗುರುವಾರ ಹೋದರೆ ವಾರದಲ್ಲಿ ಇನ್ನೇನು ಉಳಿಯುತ್ತದೆ ಎಂದು ಎರಡು ದಿನ ಸಪ್ಪಗಿದ್ದು, ಮೂರನೆಯ ದಿನ ಫೋನ್ ಮಾಡಿದ.

"ಆರ್ಡಿತ್, ನೀನು ಬರೋದಲ್ಲ ತೊಂದ್ರೆ. ಕಾರು ಕಾಣೋದು ತೊಂದ್ರೆ. ಗ್ಯಾರೇಜಲ್ಲಿ ಅರ್ಧ ಜಾಗ ಮಾಡ್ತೀನಿ. ನಿನ್ ಕಾರಿನ ಕನ್ನಡಿ ಕೆಳಗೆ ಬಟನ್ ಇದ್ಯಲ್ಲ, ಅದಕ್ಕೆ ನನ್ ಬಾಗಿಲು ಕಲಿಸ್ಬಿಡೋಣ. ಬರ್ತಾ ಒತ್ತು, ಸೀದಾ ಒಳಗ್ ಬಾ, ಬಾಗಿಲು ಮುಚ್ಕೊಳ್ಳುತ್ತೆ. ಯಾವ ಲೊರೇನೂ ಏನೂ ಮಾಡಕ್ಕಾಗಲ್ಲ."

ನಮ್ಮ ಕಡೆಯ ಗಂಡಸು ಮನೆಗಂಟಿದ ಗ್ಯಾರೇಜಿನಲ್ಲಿ ಅರ್ಧ ಜಾಗ ಖಾಲಿ ಮಾಡುತ್ತೇನೆ ಎಂದರೆ ಅದು ಸಣ್ಣ ಮಾತಲ್ಲ. ಉಂಗುರ ಕೊಡುವುದು ಅದಕ್ಕಿಂತ ಸುಲಭ. ಹಾರ್ಲನ್‌ನ ಗ್ಯಾರೇಜಿನಲ್ಲಿ ಹಿಮ ತಳ್ಳುವ ಯಂತ್ರಗಳು ಎರಡಿದ್ದವು, ಒಂದು ಓಡುವುದು, ಒಂದು ಓಡೀತೆಂಬ ಆಸೆಯದು. ದೋಣಿ ಮಾರಿ ವರ್ಷಗಳಾಗಿದ್ದರೂ ಅದರ ಹುಟ್ಟುಗಳಿದ್ದವು. ಕಾರ್ಖಾನೆಯಿಂದ ತಂದ ಕಾಲು ಮುರಿದ ಕುರ್ಚಿಗಳಂತೂ ಒಂದು ಸಭೆ ನಡೆಸುವಷ್ಟಿದ್ದವು. ಎಲ್ಲವನ್ನೂ ಎತ್ತಿ, ಗುಡಿಸಿ, ನೆಲ ತೊಳೆದ. ಆರ್ಡಿತ್ ನೋಡಲು ಬಂದಾಗ ಬರೀ ಸಿಮೆಂಟಿನ ನೆಲ ಕಂಡು ಷೂ ಕಳಚಿಟ್ಟು ಒಳಗೆ ಕಾಲಿಟ್ಟಳು. ಯಾರೂ ಆಕೆಗಾಗಿ ಇಷ್ಟು ಜಾಗ ಮಾಡಿದ್ದಿಲ್ಲ.

ಕಾರಿಗೆ ಬಾಗಿಲು ಕಲಿಸಲು ಶನಿವಾರ ಮಧ್ಯಾಹ್ನ ಗೊತ್ತು ಮಾಡಿಕೊಂಡರು. ಶನಿವಾರ ಮಧ್ಯಾಹ್ನ ಲೊರೇನ್ ಅಕ್ಕನ ಮನೆಗೆ ಹೋಗುತ್ತಾಳೆಂದು ಊರೆಲ್ಲ ನಂಬಿತ್ತು, ಏಕೆಂದರೆ ಆ ಹೊತ್ತಿಗೆ ಅವಳ ಮನೆಯ ಬಾಗಿಲು ತಟ್ಟಿದರೆ ಯಾರೂ ತೆಗೆಯುತ್ತಿರಲಿಲ್ಲ.

ಆರ್ಡಿತ್ ಕಾರನ್ನು ಗ್ಯಾರೇಜಿಗೆ ಮುಖ ಮಾಡಿ ಹೊರಗೆ ನಿಲ್ಲಿಸಿದಳು. ಹಾರ್ಲನ್ ಬಾಗಿಲನ್ನು ಪೂರ್ತಿ ಮೇಲೆತ್ತಿ, ಏಣಿ ತಂದು, ಚಾವಣಿಗೆ ತೂಗುಹಾಕಿದ ಮೋಟಾರಿನ ಕೆಳಗೆ ನಿಲ್ಲಿಸಿದ. ಅಲ್ಲೇ ಅವರಿಬ್ಬರೂ ಎಡವಿದ್ದು. ನಮ್ಮ ಬೀದಿಗಳಲ್ಲಿ ಗ್ಯಾರೇಜಿನ ಬಾಗಿಲು ತೆರೆದಿದೆ ಎಂದರೆ ಮನೆಯವರು ಮಾತಿಗೆ ಸಿಗುತ್ತಾರೆ ಎಂದರ್ಥ. ಅದರಲ್ಲೂ ಏಣಿ ಹೊರಬಂದಿದೆ ಎಂದರೆ ಸಲಹೆಗೆ ಕರೆದಿದ್ದಾರೆ ಎಂದೇ ಅರ್ಥ. ಐದು ನಿಮಿಷವಾಗಿರಲಿಲ್ಲ, ಪಕ್ಕದ ಮನೆಯ ಡಗ್ ಡೈಕ್‌ಹೌಸ್ ಒಂದು ಕೈಯಲ್ಲಿ ಮಡಿಚುವ ಕುರ್ಚಿ, ಇನ್ನೊಂದರಲ್ಲಿ ಕಾಫಿ ಹಿಡಿದು ಬಂದೇಬಿಟ್ಟ. ಐವತ್ತು ದಾಟಿದ ಆಳು, ಬಸ್ಸಿನಲ್ಲಿ ಆರ್ಡಿತ್‌ಳ ಬೆನ್ನ ಹಿಂದಿನ ಸೀಟು ಇವನಿಗೇ ಮೀಸಲಾಗಿತ್ತು, ಒಳ್ಳೆಯ ಕಾರಣಕ್ಕಲ್ಲ.

"ಏನ್ ನಡೀತಿದೆ ಆರ್ಡಿತ್ ಮಿಸ್?"

"ಏನೂ ಇಲ್ಲ. ಕೂತ್ಕೋ ಡಗ್."

ಡಗ್ ಕೂತ. ಗ್ಯಾರೇಜಿನ ಬಾಯಲ್ಲಿ, ಬೀದಿಗೆ ಮುಖ ಮಾಡಿ ಕೂತ. ಅವನನ್ನು ಎಬ್ಬಿಸಿ ಕಳಿಸಿದರೆ ಇನ್ನೂ ಅನುಮಾನ ಎಂದು ಇಬ್ಬರೂ ಸುಮ್ಮನಾದರು.

ಕಾರಿಗೆ ಕಲಿಸುವ ವಿದ್ಯೆ ಏನು ಮಹಾ ಅಲ್ಲ. ಮೊದಲು ಮನೆಯ ರಿಮೋಟನ್ನು ಕಾರಿನ ಕನ್ನಡಿಯ ಹತ್ತಿರ ಹಿಡಿದು, ರಿಮೋಟಿನ ಗುಂಡಿಯನ್ನೂ ಕಾರಿನ ಗುಂಡಿಯನ್ನೂ ಒಟ್ಟಿಗೆ ಅದುಮಿಟ್ಟರೆ ಕಾರು ರಿಮೋಟಿನ ಭಾಷೆ ಕಲಿಯುತ್ತದೆ. ಹಳೆಯ ಕಾಲದ ಬಾಗಿಲಿಗೆ ಅಷ್ಟೇ ಸಾಕು. ಹಾರ್ಲನ್‌ನದರಂಥ ಹೊಸದಕ್ಕೆ ಆಮೇಲೆ ಒಬ್ಬರು ಮೋಟಾರಿನ ಮೇಲಿನ ಹಳದಿ ಗುಂಡಿ ಒತ್ತಬೇಕು, ಇನ್ನೊಬ್ಬರು ಅರ್ಧ ನಿಮಿಷದೊಳಗೆ ಕಾರಿನ ಗುಂಡಿ ಒತ್ತಬೇಕು. ಬಾಗಿಲಿಗೂ ಕಾರಿಗೂ ಪರಿಚಯವಾಯಿತು.

ಹಾರ್ಲನ್ ಅಡುಗೆಮನೆಯ ಡ್ರಾಯರಿನಿಂದ ರಿಮೋಟು ತಂದ. ಆ ಡ್ರಾಯರಿನಲ್ಲಿ ಬೂದು ಬಣ್ಣದ ರಿಮೋಟುಗಳು ಎರಡಿದ್ದವು. ಹೊಸ ವರ್ಷ ಕಳೆದ ಕೂಡಲೇ ಲೊರೇನ್ ಚಳಿ ತಾಳಲಾರದೆ ಫ್ಲಾರಿಡಾಗೆ ಹೋಗುತ್ತಾಳೆ. ಹೋಗುವಾಗ ಪೈಪು ಒಡೆದಿದೆಯೋ ನೋಡಲು ಹಾರ್ಲನ್‌ಗೆ ತನ್ನ ಹಳೆಯ ಗ್ಯಾರೇಜ್ ಬಾಗಿಲಿನ ಒಂದು ರಿಮೋಟು ಕೊಟ್ಟಿರುತ್ತಾಳೆ. ಎಷ್ಟೇ ಚಾಡಿ ಹೇಳಿದರೂ ಪೈಪಿನ ವಿಷಯದಲ್ಲಿ ನಮ್ಮವರು ಒಬ್ಬರನ್ನೊಬ್ಬರು ನಂಬುತ್ತಾರೆ. ಹಾರ್ಲನ್ ಕನ್ನಡಕ ಹಾಕಿಕೊಳ್ಳದೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದಿದ್ದ.

ಆರ್ಡಿತ್ ಎರಡು ಗುಂಡಿಗಳನ್ನೂ ಅದುಮಿದಳು. ಕನ್ನಡಿಯ ಕೆಳಗಿನ ಪುಟ್ಟ ದೀಪ ಮಿಣುಕಿ, ಮಿಣುಕಿ, ಕೊನೆಗೆ ನೆಟ್ಟಗೆ ಉರಿಯಿತು.

"ಕಲೀತು," ಎಂದಳು. "ಆದ್ರೆ ನಿನ್ ಬಾಗಿಲು ಅಲ್ಲಾಡ್ಲಿಲ್ವಲ್ಲ?"

"ರಿಮೋಟಲ್ಲಿ ಸೆಲ್ಲು ಸೋತಿರ್ಬೇಕು. ದೀಪ ಬಂತಲ್ಲ, ಸಾಕು," ಎಂದ ಹಾರ್ಲನ್, ಏಣಿ ಹತ್ತಿ ಹಳದಿ ಗುಂಡಿ ಒತ್ತಿದ. ತನಗೆ ಕೇಳಿಸದಿದ್ದರೆ ಲೋಕಕ್ಕೂ ಕೇಳಿಸದೆಂದು ನಂಬಿದವನು, ಬೀದಿ ಮೂಲೆಗೆ ಮುಟ್ಟುವಂತೆ ಕೂಗಿದ. "ಈಗ ಒತ್ತು ಆರ್ಡಿತ್!"

ಆಕೆ ಒತ್ತಿದಳು. ಹಾರ್ಲನ್‌ನ ಬಾಗಿಲು ಮಿಸುಕಲಿಲ್ಲ.

"ಒತ್ತಿದ್ಯಾ?"

"ಒತ್ತಿದ್ನಪ್ಪ."

"ಗಟ್ಟಿಯಾಗ್ ಒತ್ತು. ಮೂರ್ಸಲ ಒತ್ತು."

ಮೂರು ಸಲ ಒತ್ತಿದಳು. ಏನೂ ಇಲ್ಲ. ಹಾರ್ಲನ್ ಮತ್ತೆ ಹಳದಿ ಗುಂಡಿ ಒತ್ತಿದ, ಮತ್ತೆ ಕೂಗಿದ. ಕದ್ದುಮುಚ್ಚಿ ಮಾಡಬೇಕಾದ ಕೆಲಸಕ್ಕೆ ಡಂಗುರ ಹೊಡೆದ ಹಾಗಾಗುತ್ತಿದೆಯಲ್ಲ ಎಂದು ಆರ್ಡಿತ್‌ಗೆ ಒಳಗೊಳಗೇ ಸಂಕಟ, ಜೊತೆಗೆ ತಡೆಯಲಾರದ ನಗು. ಏಣಿಯ ತುದಿಯಲ್ಲಿ ಅವನ ಪ್ಯಾಂಟು ಇಳಿಯುತ್ತಿತ್ತು. ಒಂದು ಕೈಯಲ್ಲಿ ಮೋಟಾರು, ಒಂದು ಕೈಯಲ್ಲಿ ಪ್ಯಾಂಟು ಹಿಡಿದು, "ಒತ್ತು, ಒತ್ತು," ಎನ್ನುತ್ತಿದ್ದವನನ್ನು ನೋಡಿ ಆಕೆ ಸ್ಟಿಯರಿಂಗಿಗೆ ಹಣೆ ಇಟ್ಟು ನಕ್ಕಳು. ನಗುತ್ತಲೇ ಒತ್ತಿದಳು.

ಇಷ್ಟು ಹೊತ್ತಿಗೆ ಡಗ್‌ನ ಕಾಫಿ ಆರಿ ಹೋಗಿತ್ತು. ಅವನ ಕಣ್ಣು ಮಾತ್ರ ರಸ್ತೆಯಾಚೆಗೆ ನೆಟ್ಟಿತ್ತು. ಕೊನೆಗೆ ಕೆಮ್ಮಿದ, ಕುರ್ಚಿಯಲ್ಲಿ ಅತ್ತಿತ್ತ ಜರುಗಿದ, ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ.

"ಆರ್ಡಿತ್ ಮಿಸ್, ನಂಗ್ಯಾಕೆ ಬೇಕು ಇದೆಲ್ಲ. ಬೇರೆಯವ್ರ ವಿಷಯ. ಆದ್ರೆ ನೀವು ಒತ್ತಿದಾಗ್ಲೆಲ್ಲ ಲೊರೇನ್ ಬಾಗಿಲು ಮೇಲೆ ಹೋಗ್ತಿದೆ, ಕೆಳಗ್ ಬರ್ತಿದೆ."

"ಏನಂದೆ?"

"ಆಗ್ಲಿಂದ್ಲೂ ಹೋಗ್ತಿದೆ. ಒಂದ್ಸಲ ಅರ್ಧಕ್ಕೇ ನಿಂತಿತ್ತು. ಈಗ ಪೂರ್ತಿ ತೆಗೆದಿದೆ."

"ಆಗ್ಲಿಂದ ನೋಡ್ತಾ ಕೂತಿದ್ದು ಈಗ ಹೇಳ್ತೀಯೇನೋ?"

"ಅಲ್ಲ ಮಿಸ್, ಒಳಗ್ ಅವ್ರಿದ್ರು. ಹೇಳೋದು ಸರಿಯೋ ಅಲ್ವೋ ಅಂತ ಯೋಚನೆ ಮಾಡ್ತಿದ್ದೆ."

ಎದುರು ಮನೆಗೆ ಬೆಂಕಿ ಬಿದ್ದರೂ ನಮ್ಮೂರ ಗಂಡಸು ಮೊದಲು ಅದು ತನ್ನ ವಿಷಯವೋ ಅಲ್ಲವೋ ಎಂದು ಯೋಚಿಸುತ್ತಾನೆ. ಹೇಳುವುದು ಅಸಭ್ಯತೆ, ನೋಡುವುದು ಅಲ್ಲ.

ಆರ್ಡಿತ್ ಕತ್ತು ತಿರುಗಿಸಲಿಲ್ಲ. ಅಭ್ಯಾಸಬಲ, ಕನ್ನಡಿ ನೋಡಿದಳು. ಕನ್ನಡಿಯಲ್ಲಿ ರಸ್ತೆಯಾಚೆಯ ಬಾಗಿಲು ಹಾ ಎಂದು ತೆರೆದಿತ್ತು. ಒಳಗೆ, ಒಪ್ಪವಾಗಿ ನಿಲ್ಲಿಸಿದ ಕಾರಿನ ಪಕ್ಕದಲ್ಲಿ, ಲೊರೇನ್ ವ್ರೀಡವೋಗ್ ಕುಣಿಯುತ್ತಿದ್ದಳು. ಬೀದಿಗೆ ಬೆನ್ನು ಹಾಕಿ, ಕಿವಿಗೆ ದೊಡ್ಡ ಹೆಡ್‌ಫೋನು ಸಿಕ್ಕಿಸಿಕೊಂಡು, ಕಾಲಿಗೆ ಕಂದು ಬೂಟು ತೊಟ್ಟು, ಎರಡೂ ಹೆಬ್ಬೆರಳನ್ನು ಸೊಂಟಪಟ್ಟಿಗೆ ತೂರಿಸಿ, ಹಿಮ್ಮಡಿ ಕುಟ್ಟಿ, ಪಕ್ಕಕ್ಕೆ ಜಾರಿ, ಕಣ್ಣು ಮುಚ್ಚಿಕೊಂಡೇ ಗಿರ್ರನೆ ಅರ್ಧ ಸುತ್ತು. ಹಾಡು ಅವಳಿಗೆ ಮಾತ್ರ ಕೇಳುತ್ತಿತ್ತು. ಬೀದಿಗೆ ಬರೀ ಬೂಟಿನ ಟಪಟಪ. ಕುಣಿತ ಮೈಗೆ ಅಂಟುವ ಪಾಪ ಎಂದು ಕೇಳುತ್ತಲೇ ಬೆಳೆದ ಪೀಳಿಗೆ ಅವರದು. ಹೆಂಗಸರ ಸಂಘದ ಅಧ್ಯಕ್ಷೆ ಶನಿವಾರಗಳನ್ನು ಅಕ್ಕನ ಮನೆಯಲ್ಲಿ ಕಳೆಯುತ್ತಿರಲಿಲ್ಲ.

ಮತ್ತೆ ಸುತ್ತು ಬಂದಾಗ ಲೊರೇನ್ ಕಣ್ಣು ಬಿಟ್ಟಳು. ಬೆಳಕು ಕಂಡಳು, ಬೀದಿ ಕಂಡಳು, ಡಗ್‌ನನ್ನು ಕಂಡಳು. ಆಮೇಲೆ ಹಾರ್ಲನ್‌ನ ಮನೆ ಮುಂದಿನ ಟೊಮೆಟೊ ಕಾರು ಕಂಡಳು. ಒಂದು ಕಾಲು ಗಾಳಿಯಲ್ಲಿದ್ದದ್ದು ಮೆಲ್ಲಗೆ ನೆಲಕ್ಕೆ ಬಂತು.

ಆರ್ಡಿತ್‌ಳ ನಗು ಅಲ್ಲಿಗೇ ಇಂಗಿತು. ಮುಗಿಯಿತು. ನಾಳೆಯೇ ಭಾನುವಾರ. ಶನಿವಾರವೂ ಇಲ್ಲಿದ್ದಳು, ಗ್ಯಾರೇಜಿನೊಳಗೆ ಕಾರು ಬಚ್ಚಿಡಲು ಹೊರಟಿದ್ದಳು ಎಂದು ಕಾಫಿ ಮೇಜಿನ ಮೇಲೆ ಹರಡುತ್ತದೆ. ತಾನು ಹೇಳಿದ ಮಾತು ತಾನೇ ನಡೆಸಬೇಕು. ತೊಳೆದಿಟ್ಟ ಆ ಸಿಮೆಂಟಿನ ನೆಲ ನೋಡಿದಳು. ಕಾರು ಚಾಲೂ ಮಾಡಿ ಹಿಂದಕ್ಕೆ ತೆಗೆಯಲು ಹೊರಟಳು. ಆದರೆ ಹಿಂದೆ ಲೊರೇನ್ ನಿಂತಿದ್ದಳು. ಬೂಟು ಸಮೇತ ರಸ್ತೆ ದಾಟಿ ಬಂದಿದ್ದಳು, ಹೆಡ್‌ಫೋನು ಕುತ್ತಿಗೆಗೆ ಇಳಿದಿತ್ತು.

ಆರ್ಡಿತ್ ಕಾರು ಆರಿಸಿ, ಕಿಟಕಿ ಇಳಿಸಿದಳು.

ಲೊರೇನ್ ಮೊದಲು ಡಗ್ ಕಡೆ ನೋಡಿದಳು. ಡಗ್ ತನ್ನ ಆರಿದ ಕಾಫಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಅವಳು ಬಗ್ಗಿ, ದನಿ ಇಳಿಸಿದಳು. ಮುಖ ಕೆಂಪಾಗಿತ್ತು, ಕಣ್ಣಂಚು ಒದ್ದೆ.

"ಎಷ್ಟು ನೋಡ್ದೆ?"

"ಸಾಕಷ್ಟು."

"ಆರ್ಡಿತ್, ನಿಂಗೆ ಕೈ ಮುಗೀತೀನಿ. ಅಪ್ಪ ಇದ್ದಿದ್ರೆ ಎದೆ ಒಡ್ಕೋತಿದ್ರು. ಯಾರಿಗಾದ್ರೂ ಗೊತ್ತಾದ್ರೆ ನಾನು ಚರ್ಚಲ್ಲಿ ತಲೆ ಎತ್ಕೊಂಡು ಓಡಾಡಕ್ಕಾಗಲ್ಲ. ಈ ವಯಸ್ಸಲ್ಲಿ ಇದೇನು ಹುಚ್ಚು ಅಂತಾರೆ." ಒಂದು ಉಸಿರು ತೆಗೆದುಕೊಂಡಳು. "ನೀನು ಹೇಳ್ಬೇಡ, ನಾನೂ ಹೇಳಲ್ಲ. ಈ ಕಾರು ನಾನು ನೋಡೇ ಇಲ್ಲ. ಗುರುವಾರನೂ ನೋಡಲ್ಲ. ಯಾವತ್ತೂ ನೋಡಲ್ಲ. ಆಯ್ತಾ?"

ಆರ್ಡಿತ್‌ಗೆ ಬೇಕಿದ್ದದ್ದು ಇದೇ. ಇದಕ್ಕೇ ಅಲ್ಲವೇ ಹಾರ್ಲನ್ ದೋಣಿಯಿಲ್ಲದ ಹುಟ್ಟು ಹೊತ್ತು ಬಿಸಾಡಿದ್ದು. ಊರಿನ ಏಕೈಕ ದೊಡ್ಡ ಬಾಯಿಗೆ ಬೀಗ ಬೀಳುತ್ತಿತ್ತು, ಅದೂ ಜನ್ಮಪೂರ್ತಿ. ಹೂಂ ಎಂದರೆ ಸಾಕಿತ್ತು.

ಆದರೆ ಆರ್ಡಿತ್ ಲೊರೇನ್‌ಳ ಮುಖವನ್ನೇ ನೋಡುತ್ತಿದ್ದಳು. ಅರ್ಧ ನಿಮಿಷದ ಹಿಂದೆ ಕನ್ನಡಿಯಲ್ಲಿ ಆ ಮುಖ ಹೇಗಿತ್ತು. ಕಣ್ಣು ಮುಚ್ಚಿ, ತುಟಿ ಅರಳಿ, ಹದಿನಾರರ ಹುಡುಗಿಯ ಹಾಗಿತ್ತು. ಈಗ ಕಳ್ಳಿಯ ಹಾಗಿದೆ. ಯಾರ ಮನೆಯನ್ನೂ ದೋಚಿಲ್ಲ, ಯಾರಿಗೂ ನೋವು ಮಾಡಿಲ್ಲ, ತನ್ನ ಮನೆಯೊಳಗೆ ತಾನು ಖುಷಿಯಾಗಿದ್ದದ್ದಕ್ಕೆ ಕೈ ಮುಗಿಯುತ್ತಿದ್ದಾಳೆ. ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ಹೋದ ದಿನ ತನ್ನ ಮುಖವೂ ಹೀಗೇ ಇದ್ದಿರಬೇಕು ಎನಿಸಿ ಆರ್ಡಿತ್‌ಗೆ ಸಿಟ್ಟು ಬಂತು. ಲೊರೇನ್ ಮೇಲಲ್ಲ.

"ಇಲ್ಲ ಲೊರೇನ್. ಆಗಲ್ಲ," ಎಂದಳು.

ಲೊರೇನ್‌ಳ ಬಣ್ಣ ಇಳಿಯಿತು. "ಅಂದ್ರೆ ನೀನು ಹೇಳ್ತೀಯಾ?"

"ನಿನ್ ಕುಣಿತ ನಾನ್ಯಾಕೆ ಹೇಳ್ಲಿ? ಅದು ನಿಂದು. ಹೇಳೋದಾದ್ರೆ ನೀನೇ ಹೇಳು, ಇಲ್ಲಾಂದ್ರೆ ಬಿಡು. ನಂದು ಮಾತ್ರ ಹೇಳು. ನೋಡಿದ್ದೆಲ್ಲ ಹೇಳು. ಗುರುವಾರ ಬರ್ತಾಳೆ, ಶನಿವಾರನೂ ಬಂದಿದ್ಲು, ಇನ್ಮೇಲೆ ಬೇಕಾದಾಗೆಲ್ಲ ಬರ್ತಾಳಂತೆ ಅಂತ ಹೇಳು. ಕೇಳಿದವ್ರಿಗೆ ನಲ್ಲಿ ಕೆಟ್ಟಿಲ್ಲ ಅಂತ್ಲೂ ಹೇಳು."

ಸುದ್ದಿಯನ್ನು ಕದ್ದು ತಿಂದೇ ಅಭ್ಯಾಸವಾದವಳಿಗೆ ಯಾರೋ ಎಲೆ ಹಾಕಿ ಬಡಿಸಿದ ಹಾಗಾಯಿತು.

"ನಿಜವಾಗ್ಲೂ?" ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ನನ್ ಕುಣಿತ ತೀರಾ ಕೆಟ್ಟದಾಗಿತ್ತಾ?"

"ಆ ಸುತ್ತು ಹೊಡೆದ್ರಲ್ಲ, ಅದು ಬಹಳ ಚೆನ್ನಾಗಿತ್ತು," ಎಂದ ಡಗ್, ಕಾಫಿಯಿಂದ ತಲೆ ಎತ್ತದೆ. "ನಂಗ್ಯಾಕೆ ಬೇಕು ಇದೆಲ್ಲ."

ಲೊರೇನ್‌ಗೆ ಮೊದಲು ನಗು ಬಂತು. ಮೂಗಿನಲ್ಲಿ ಶುರುವಾಗಿ ಹೆಗಲಿಗೆ ಇಳಿಯಿತು. ಅದನ್ನು ನೋಡಿ ಆರ್ಡಿತ್‌ಗೂ ಬಂತು. ಶಾಲೆಯಲ್ಲಿ ಅಕ್ಕಪಕ್ಕದ ಬೆಂಚಿನಲ್ಲಿ ಕೂತವರು ಇಬ್ಬರೂ, ಒಬ್ಬಳು ಕಾರಿನ ಒಳಗೆ, ಒಬ್ಬಳು ಹೊರಗೆ ಬಾಗಿಲಿಗೆ ಜೋತುಬಿದ್ದು, ಪಕ್ಕೆ ಹಿಡಿದುಕೊಂಡು ನಕ್ಕರು. ಲೊರೇನ್ ಮಾತಾಡಲು ಹೋಗಿ ರಸ್ತೆಯಾಚೆಗೆ ಕೈ ತೋರಿಸಿದಳು. ಮಡಿಲಲ್ಲಿದ್ದ ರಿಮೋಟಿಗೆ ಆರ್ಡಿತ್‌ಳ ಮೊಣಕೈ ತಗಲಿ ಅಲ್ಲಿಯ ಬಾಗಿಲು ಮತ್ತೆ ಇಳಿಯತೊಡಗಿತ್ತು. ಅದಕ್ಕೂ ನಕ್ಕರು.

"ಏನಾಯ್ತು? ಒತ್ತಿದ್ಯಾ?" ಏಣಿಯ ಮೇಲಿನಿಂದ ಹಾರ್ಲನ್ ಕೂಗಿದ. ಪಾಪ, ತಲೆಯನ್ನು ಮೋಟಾರಿಗೆ ಆನಿಸಿ, ಬೆರಳನ್ನು ಹಳದಿ ಗುಂಡಿಯ ಮೇಲಿಟ್ಟು ಇನ್ನೂ ಕಾಯುತ್ತಿದ್ದ. ಅವನಿಗೆ ಒಂದು ಮಾತೂ ಕೇಳಿಸಿರಲಿಲ್ಲ.

ಆರ್ಡಿತ್ ಕಾರಿನಿಂದ ಇಳಿದಳು. ಗುಡಿಸಿದ ನೆಲದ ಮೇಲೆ ನಡೆದುಹೋಗಿ ಏಣಿಯ ಬುಡದಲ್ಲಿ ನಿಂತಳು. ನಮ್ಮ ಚರ್ಚಿನಲ್ಲಿ ಒಂಟಿ ಹೆಂಗಸು ಒಂಟಿ ಗಂಡಸಿನ ಬೆಂಚಿನಲ್ಲಿ ಕೂತಳೆಂದರೆ ಆಮೇಲೆ ಪಾದ್ರಿ ಏನನ್ನೂ ಘೋಷಿಸಬೇಕಾಗಿಲ್ಲ. ಮುಂದಿನ ವಾರದಿಂದ ಜನ ಮದುವೆ ಯಾವಾಗ ಎಂದಷ್ಟೇ ಕೇಳುತ್ತಾರೆ. ಅದು ಆಕೆಗೂ ಗೊತ್ತು, ಅವನಿಗೂ ಗೊತ್ತು. ಬೆನ್ನ ಹಿಂದೆ ಇಬ್ಬರು ನಿಂತಿದ್ದಾರೆಂಬುದೂ ಆಕೆಗೆ ಗೊತ್ತಿತ್ತು. ಬಸ್ಸಿನಲ್ಲಿಯೂ ಎತ್ತದಷ್ಟು ದನಿ ಎತ್ತಿ ಹೇಳಿದಳು.

"ಹಾರ್ಲನ್, ನಾಳೆ ಬೆಳಿಗ್ಗೆ ಚರ್ಚಲ್ಲಿ ಸ್ವಲ್ಪ ಸರ್ಕೊಂಡು ಕೂತ್ಕೋ. ನಿನ್ ಬೆಂಚಲ್ಲಿ ನಂಗೆ ಜಾಗ ಬೇಕು."

ಕೇಳಿಸಿತೋ ಇಲ್ಲವೋ ಎಂದು ಆಕೆ ಇನ್ನೊಮ್ಮೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಒಂದೊಂದೇ ಮೆಟ್ಟಿಲು ಇಳಿದು ಬಂದ.

"ಯಾವ ಕಡೆ?" ಎಂದ. ದನಿ ಒಡೆದಿತ್ತು.

"ಕಿಟಕಿ ಕಡೆ ಜಾಯ್ಸ್‌ದು. ಅದು ಅವಳಿಗೇ ಇರ್ಲಿ. ನಾನು ಈ ಕಡೆ ಕೂರ್ತೀನಿ."

ಹಾರ್ಲನ್ ತಲೆ ಆಡಿಸಿದ. ಕಣ್ಣು ಒರೆಸಿಕೊಂಡ, ಪ್ಯಾಂಟು ಮೇಲೆಳೆದುಕೊಂಡ, ಆಮೇಲೆ ಕಿವಿ ಮಂದವಾದವರು ಮಾತಾಡುವಂತೆ ಮಾತಾಡಿದ.

"ಸರಿ ಆರ್ಡಿತ್, ಜಾಗ ಬಿಡ್ತೀನಿ. ಬೇಗ ಬಾ."

ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡೇ ಹೇಳಿದ್ದ. ಬೀದಿಯ ಕೊನೆಯ ಮನೆಯವರಿಗೂ ಕೇಳಿಸಿತು.